ಅಟ್ಟದ ಮೇಲಿನ ಕಾಮಿಕ್ಸ್: ಬೆಲೆ ಕಟ್ಟುವುದು ಹೇಗೆ?

ಯಲಹಂಕ ಉಪನಗರದಲ್ಲೋ, ಆರ್.ಟಿ. ನಗರದಲ್ಲೋ, ಯಶವಂತಪುರದ ಹಳೆಯ ಬೀದಿಗಳಲ್ಲೋ ನಿಮ್ಮ ಮನೆಯಿದ್ದರೆ, ಮನೆ ಬದಲಾಯಿಸುವ ಅಥವಾ ಸುಣ್ಣಬಣ್ಣ ಹೊಡೆಸುವ ಹೊತ್ತಿನಲ್ಲಿ ಅಟ್ಟದಿಂದ ಒಂದು ಟ್ರಂಕು ಕೆಳಗಿಳಿಯುವುದನ್ನು ನೀವು ನೋಡಿರಬಹುದು. ಅದರೊಳಗೆ ಚಿಕ್ಕಪ್ಪನವೋ ಸೋದರಮಾವನವೋ ಹಳೆಯ ಪಠ್ಯಪುಸ್ತಕಗಳು. ಅವುಗಳ ನಡುವೆ ಫ್ಯಾಂಟಮ್, ಮಾಂಡ್ರೇಕ್, ಕೃಷ್ಣ, ಹನುಮಂತರ ಚಿತ್ರಕಥೆಗಳ ಒಂದು ಕಂತೆ. ಬಾಗಿಲಲ್ಲಿ ಹಳೆ ಪೇಪರಿನವರು ತಕ್ಕಡಿ ಹಿಡಿದು ನಿಂತಿರುತ್ತಾರೆ. 32 ಪುಟದ ಒಂದು ಕಾಮಿಕ್ಸ್ ಸುಮಾರು 50–60 ಗ್ರಾಂ ತೂಗುತ್ತದೆ. ಅಂದರೆ ಕಿಲೋಗೆ 17–20 ಪುಸ್ತಕ. ಹತ್ತು ನಿಮಿಷದಲ್ಲಿ ವ್ಯವಹಾರ ಮುಗಿದುಹೋಗುತ್ತದೆ.

ಅದೇ ಕಂತೆ ಸಂಗ್ರಾಹಕರ ಕೈಗೆ ಹೋದರೆ ಲೆಕ್ಕ ತೂಕದ್ದಲ್ಲ, ಒಂದೊಂದು ಪ್ರತಿಯದು. ಕೆಲವು ಪ್ರತಿಗಳಿಗೆ ರದ್ದಿಯ ಬೆಲೆಯ ನೂರಾರು ಪಟ್ಟು ಸಿಗುತ್ತದೆ. ಬಹುಪಾಲು ಪ್ರತಿಗಳಿಗೆ ಸಿಗುವುದಿಲ್ಲ. ಈ ಎರಡನೆಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಕಾಮಿಕ್ಸ್ ಎಂದರೆ ಲಾಟರಿ ಎಂಬ ಭ್ರಮೆಯಿಂದ ಹಣ ಕಳೆದುಕೊಂಡವರು ಲೋಕದಲ್ಲಿ ಬಹಳ ಮಂದಿ.

ಆ ಭ್ರಮೆ ಎಲ್ಲಿಂದ ಹುಟ್ಟಿತು? ಅಮೆರಿಕದಲ್ಲಿ 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆ 10 ಸೆಂಟ್‌ಗೆ ಮಾರಾಟವಾಯಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ. ಅದರ ಒಂದು ಒಳ್ಳೆಯ ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇಷ್ಟು ಬೆಲೆ ಬಂದದ್ದು ಕೇವಲ ವಯಸ್ಸಿನ ಬಲದಿಂದಲ್ಲ. ಆ ಕಾಲದ ಮಕ್ಕಳು ಕಾಮಿಕ್ಸ್ ಓದಿ ಎಸೆದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಹಳೆಯ ಕಾಗದವನ್ನು ಮನೆಮನೆಯಿಂದ ಕೂಡಿಸಿ ಗಿರಣಿಗೆ ಕಳಿಸಿದರು. ಉಳಿದದ್ದು ಅತಿ ಕಡಿಮೆ, ಬೇಕೆನ್ನುವವರು ಅತಿ ಹೆಚ್ಚು. ಬೆಲೆ ಏರಿದ್ದು ಈ ಅಂತರದಿಂದ.

ಇದಕ್ಕೆ ಸರಿಯಾಗಿ ತಿರುವುಮುರುವಾದ ಉದಾಹರಣೆಯೂ ಅಲ್ಲಿಯದೇ ಇದೆ. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ, ಅಂದರೆ 75ನೆಯದು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹೊರಬಂತು. ಮುಂದೆ ಲಕ್ಷಾಧೀಶರಾಗುವ ಆಸೆಯಿಂದ ಜನ ಸಾಲುಗಟ್ಟಿ ನಿಂತು ಒಬ್ಬೊಬ್ಬರೂ ಹಲವು ಪ್ರತಿ ಕೊಂಡು, ಚೀಲ ಹರಿಯದೆ ಕಪಾಟಿನಲ್ಲಿಟ್ಟರು. ಹತ್ತಾರು ಲಕ್ಷ ಪ್ರತಿಗಳು ಹಾಗೆಯೇ ಹೊಸದಾಗಿ ಉಳಿದುಕೊಂಡವು. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಕೊರತೆಯೆಲ್ಲಿ? ಕೊರತೆಯಿಲ್ಲದ ಮೇಲೆ ಬೆಲೆಯೆಲ್ಲಿ? ಕೆಲವೇ ವರ್ಷಗಳಲ್ಲಿ ಆ ಹುಚ್ಚು ಇಳಿಯಿತು, ಅಂಗಡಿಗಳು ಮುಚ್ಚಿದವು, ದೊಡ್ಡ ಪ್ರಕಾಶನ ಸಂಸ್ಥೆಯಾದ ಮಾರ್ವೆಲ್ ಕೂಡ 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ–ಪೂರೈಕೆಯ ಪಾಠ ಓದುವ ಮಿತ್ರರು ಈ ಒಂದು ಉದಾಹರಣೆಯನ್ನು ನೆನಪಿಟ್ಟರೆ ಸಾಕು.

ಈಗ ನಮ್ಮ ಟ್ರಂಕಿಗೆ ಬರೋಣ. ಅದರಲ್ಲಿರುವ ಫ್ಯಾಂಟಮ್ ಪುಸ್ತಕಗಳು ಬಹುಶಃ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯವು. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆತನದ ಬೆನೆಟ್, ಕೋಲ್ಮನ್ ಸಂಸ್ಥೆ 1964ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಮೊದಲ ಕಥೆ ಫ್ಯಾಂಟಮ್‌ನ ಸೊಂಟಪಟ್ಟಿಯದು. ಮೊದಲ 32 ಸಂಚಿಕೆಗಳಲ್ಲಿ ಬರೀ ಫ್ಯಾಂಟಮ್. ಆಮೇಲೆ ಮಾಂಡ್ರೇಕ್ ಮೊದಲಾದವರು ಬಂದರು. 1976ರಲ್ಲಿ ಆಬಿದ್ ಸೂರ್ತಿಯವರು ಸೃಷ್ಟಿಸಿದ ನಮ್ಮ ದೇಶದ್ದೇ ನಾಯಕ ಬಹಾದ್ದೂರ್ ಬಂದ. ಮಾಸಿಕವಾಗಿ ಶುರುವಾಗಿ, ಪಾಕ್ಷಿಕವಾಗಿ, ಕೊನೆಗೆ ವಾರಕ್ಕೊಂದರಂತೆ ಬಂದು 1990ರಲ್ಲಿ ಈ ಮಾಲೆ ನಿಂತಿತು. ಇಂಗ್ಲಿಷ್, ಹಿಂದಿಯಷ್ಟೇ ಅಲ್ಲದೆ ಕನ್ನಡದಲ್ಲಿಯೂ ಇದು ಬಂದಿತ್ತು ಎಂಬುದು ಇಂದಿನ ಅನೇಕರಿಗೆ ತಿಳಿಯದು.

ಇಲ್ಲಿ ಸಂಗ್ರಾಹಕರಿಗೆ ಗೊತ್ತಿರುವ ಒಂದು ಸ್ವಾರಸ್ಯವಿದೆ. ಈ ಮಾಲೆಯಲ್ಲಿ 123 ಮತ್ತು 124ನೆಯ ಸಂಚಿಕೆಗಳೇ ಇಲ್ಲ. ಮುದ್ರಣಾಲಯದಲ್ಲಿ ಮುಷ್ಕರವಾಗಿ ಅವು ಅಚ್ಚಾಗಲೇ ಇಲ್ಲ. ಪೂರ್ಣ ಸಂಗ್ರಹಕ್ಕೆ ಹೊರಟ ಹೊಸಬರು ಈ ಎರಡನ್ನು ವರ್ಷಗಟ್ಟಲೆ ಹುಡುಕಬಹುದು! ಕೊಳ್ಳುವ ಮೊದಲು ಮಾಲೆಯ ಚರಿತ್ರೆಯನ್ನು ಓದಬೇಕು ಎನ್ನುವುದು ಇದಕ್ಕೇ.

ಅಮರ ಚಿತ್ರಕಥೆಯದು ಇನ್ನೂ ರೋಚಕವಾದ ಸಂಗತಿ, ನಮಗೆ ಹತ್ತಿರದ್ದೂ ಹೌದು. ಇದರ ಸಂಪಾದಕ ಅನಂತ ಪೈ ಅವರು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. 1967ರ ಫೆಬ್ರುವರಿಯಲ್ಲಿ, ದೇಶದಲ್ಲಿ ದೆಹಲಿಯೊಂದರಲ್ಲೇ ಟೆಲಿವಿಷನ್ ಇದ್ದ ಕಾಲದಲ್ಲಿ, ಅವರು ಅಲ್ಲಿ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳು, ರಾಮನ ತಾಯಿ ಯಾರು ಎಂದಾಗ ತಡವರಿಸಿದರಂತೆ. ಅದೇ ಪ್ರೇರಣೆಯಾಗಿ ಅಮರ ಚಿತ್ರಕಥೆ ಹುಟ್ಟಿತು ಎಂಬುದು ಎಲ್ಲರೂ ಹೇಳುವ ಕಥೆ. ಆದರೆ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿರುವುದು ಬೇರೆ. ಅವರ ಪ್ರಕಾರ ಮೊದಲ ಅಮರ ಚಿತ್ರಕಥೆಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಸಾಹಿತಿಗಳನ್ನೂ ಶಿಕ್ಷಣ ತಜ್ಞರನ್ನೂ ಕರೆದು ನಡೆಸಿದ ಬಿಡುಗಡೆ ಸಮಾರಂಭದೊಂದಿಗೆ. ಅವು ಚೆನ್ನಾಗಿ ಮಾರಾಟವಾದದ್ದನ್ನು ಕಂಡ ಮೇಲೆಯೇ ಮುಂಬಯಿಯ ಕೇಂದ್ರ ಕಚೇರಿ ಇಂಗ್ಲಿಷ್ ಮಾಲೆಗೆ ಕೈಹಾಕಿತಂತೆ.

ಇದಕ್ಕೆ ಇಂಬು ಕೊಡುವಂಥ ಒಂದು ಗುರುತು ಪುಸ್ತಕಗಳಲ್ಲೇ ಇದೆ. ಇಂಗ್ಲಿಷ್ ಮಾಲೆ ಶುರುವಾಗುವುದು 1ರಿಂದಲ್ಲ, 11ರಿಂದ. ಅದು ರಾಮ್ ವಾಯಿರ್‌ಕರ್ ಚಿತ್ರ ಬರೆದ ‘ಕೃಷ್ಣ’. ಮೊದಲ 10 ಸಂಖ್ಯೆಗಳು ಸಿಂಡರೆಲಾ, ಅಲ್ಲಾದೀನ್, ಪಿನೋಕಿಯೋ ಮೊದಲಾದ ಹೊರದೇಶದ ಕಥೆಗಳ ದೇಶಭಾಷಾ ಆವೃತ್ತಿಗಳಿಗೆ ಸಂದಿದ್ದವು. ಹೀಗಾಗಿ ಆ ಹತ್ತರಲ್ಲಿ ಒಂದರ ಕನ್ನಡ ಪ್ರತಿ ನಿಮ್ಮ ಟ್ರಂಕಿನ ತಳದಲ್ಲಿ ಸಿಕ್ಕಿದರೆ ಅದನ್ನು ಹಳೆ ಪೇಪರಿನ ತಕ್ಕಡಿಗೆ ಹಾಕಬೇಡಿ. ಕನ್ನಡದ ಪುಸ್ತಕೋದ್ಯಮದ ಚರಿತ್ರೆಗೆ ಅದೊಂದು ಸಾಕ್ಷಿ. ಹಣದ ಬೆಲೆ ಆಮೇಲಿನ ಮಾತು.

‘ಕೃಷ್ಣ’ ಸಿಕ್ಕಿತು, ಸಂಖ್ಯೆ 11 ಎಂದಿದೆ, ಹಾಗಾದರೆ ನಾವು ಗೆದ್ದೆವು ಎಂದುಕೊಳ್ಳುವಿರಾ? ನಿಧಾನಿಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಹಳದಿಗಟ್ಟಿದ್ದೆಲ್ಲ ಮೊದಲ ಮುದ್ರಣವಲ್ಲ. ಅಮರ ಚಿತ್ರಕಥೆಗಳು ಅದೇ ಸಂಖ್ಯೆ ಹೊತ್ತು ಮತ್ತೆ ಮತ್ತೆ ಅಚ್ಚಾದವು. ಮುದ್ರಣದ ವರ್ಷ ಅನೇಕ ಪ್ರತಿಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಆಗ ಪತ್ತೇದಾರಿ ಕೆಲಸ ಶುರು. ಮೊದಲು ರಕ್ಷಾಪುಟದ ಮೇಲಿನ ಬೆಲೆ ನೋಡಿ. ಪ್ರತಿ ಮರುಮುದ್ರಣಕ್ಕೂ ಬೆಲೆ ಏರುವುದು ವಾಡಿಕೆ. ಒಳಗೋ ಹಿಂಬದಿಯಲ್ಲೋ ಈವರೆಗೆ ಬಂದ ಪುಸ್ತಕಗಳ ಪಟ್ಟಿಯಿದ್ದರೆ, ಅದರಲ್ಲಿನ ಅತಿ ದೊಡ್ಡ ಸಂಖ್ಯೆ ಯಾವುದೆಂದು ಹುಡುಕಿ. 11ನೆಯ ಪುಸ್ತಕದ ಪಟ್ಟಿಯಲ್ಲಿ 150ನೆಯದರ ಹೆಸರಿದ್ದರೆ ಅದು 150 ಬಂದ ಮೇಲಿನ ಮುದ್ರಣ. ಪ್ರಕಾಶಕರ ವಿಳಾಸವೂ ಸಾಕ್ಷಿ ಹೇಳುತ್ತದೆ. ಅಂಚೆಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಪ್ರತಿ ಅದಕ್ಕಿಂತ ಹಿಂದಿನದಾಗಲಾರದು. ‘ಬಾಂಬೆ’ ಹೋಗಿ ‘ಮುಂಬೈ’ ಎಂಬ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 1995ರಲ್ಲಿ. ಇನ್ನು ಸಂಖ್ಯೆ 501ರಿಂದ ಮೇಲಿದ್ದು, ಹೊಳಪಿನ ದಪ್ಪ ರಕ್ಷಾಪುಟವಿದ್ದರೆ ಅದು ನಂತರದ ಡಿಲಕ್ಸ್ ಮರುಮುದ್ರಣ. ಓದಲು ಬಹಳ ಚೆನ್ನ, ಸಂಗ್ರಾಹಕರ ಲೆಕ್ಕದಲ್ಲಿ ಸಾಮಾನ್ಯ.

ಪ್ರತಿ ಯಾವ ಸ್ಥಿತಿಯಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದಲ್ಲಿ 2000ದಿಂದ ಸಿ.ಜಿ.ಸಿ. ಎಂಬ ಸಂಸ್ಥೆ ಕಾಮಿಕ್ಸ್‌ಗೆ 0.5ರಿಂದ 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕಿಕೊಡುತ್ತದೆ. ನಮ್ಮಲ್ಲಿ ಹಳೆಯ ಇಂದ್ರಜಾಲಕ್ಕೆ ಸಾಮಾನ್ಯವಾಗಿ ಮಾರುವವರ ಮಾತೇ ಪ್ರಮಾಣ. ಆದ್ದರಿಂದ ಪುಟ ಎಣಿಸಿಯೇ ಕೊಳ್ಳಿ. ಪಿನ್ನು ತುಕ್ಕು ಹಿಡಿದು ನಡುಹಾಳೆ ಕಳಚಿಹೋಗಿರುವುದು ಸರ್ವೇಸಾಮಾನ್ಯ. ಜಾಹೀರಾತಿನ ಕೂಪನ್ ಕತ್ತರಿಸಿದ್ದಾರೆಯೇ, ಪದಬಂಧ ತುಂಬಿಸಿದ್ದಾರೆಯೇ, ಬಾಡಿಗೆ ಪುಸ್ತಕಾಲಯದ ಮೊಹರು ಬಿದ್ದಿದೆಯೇ ನೋಡಿ. ನಮ್ಮ ಹಿರಿಯರಿಗೆ ಹತ್ತು ಹನ್ನೆರಡು ಕಾಮಿಕ್ಸ್ ಸೇರಿಸಿ ಬೈಂಡ್ ಮಾಡಿಸುವ ಒಳ್ಳೆಯ ಅಭ್ಯಾಸವಿತ್ತು. ‘ಸುಧಾ’ ವಾರಪತ್ರಿಕೆಯ ಫ್ಯಾಂಟಮ್ ಪುಟಗಳನ್ನು ಕತ್ತರಿಸಿ ಹೊಲಿಸಿಟ್ಟವರೂ ಇದ್ದಾರೆ. ಬೈಂಡಿನವರು ಅಂಚು ಕತ್ತರಿಸುವುದರಿಂದ ಮಾರುಕಟ್ಟೆ ಬೆಲೆ ಇಳಿಯುವುದು ನಿಜ. ಆದರೆ ಪುಸ್ತಕಗಳು ಇಷ್ಟು ಕಾಲ ಉಳಿದದ್ದೇ ಆ ಬೈಂಡಿನ ಪುಣ್ಯದಿಂದ. ಈಗ ಅದನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವ ಯೋಚನೆ ನನಗಂತೂ ಒಪ್ಪಿಗೆಯಿಲ್ಲ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸುವುದು ಬೇಡವೇ ಬೇಡ. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಈ ಪುಸ್ತಕಗಳ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಶಾಖ, ಗಾಳಿ ತಾಗಿದಂತೆ ಅದು ಆಮ್ಲವಾಗಿ ಪುಟ ಹಳದಿಗಟ್ಟಿ, ಮುಟ್ಟಿದರೆ ಮುರಿಯುತ್ತದೆ. ಅಟ್ಟದ ತಗಡಿನ ಟ್ರಂಕು ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಬೆವರುತ್ತದೆ. ಅದಕ್ಕಿಂತ ಮನೆಯ ಒಳಗೋಡೆಗೆ ತಾಗಿದ ಮರದ ಕಪಾಟು ಲೇಸು. ತೆಳು ಪಿ.ವಿ.ಸಿ. ಚೀಲಕ್ಕಿಂತ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ, ಬೆನ್ನಿಗೆ ಒಂದು ಗಟ್ಟಿ ರಟ್ಟು, ವರ್ಷಕ್ಕೆರಡು ಬಾರಿ ತೆಗೆದು ನೆರಳಿನಲ್ಲಿ ಗಾಳಿಗಿಡುವುದು, ಇಷ್ಟು ಸಾಕು. ಬಿಸಿಲಿಗೆ ಹರಡಬೇಡಿ.

ಇನ್ನು ವ್ಯಾಪಾರ. ಕೇಳುವ ಬೆಲೆ ಬೇರೆ, ಕೊಟ್ಟು ಒಯ್ಯುವ ಬೆಲೆ ಬೇರೆ. ಇಂಟರ್ನೆಟ್ಟಿನಲ್ಲಿ ಯಾರೋ ಒಂದು ಪ್ರತಿಗೆ 5,000 ರೂಪಾಯಿ ಎಂದು ಬರೆದಿಟ್ಟ ಮಾತ್ರಕ್ಕೆ ಅದು 5,000 ಬಾಳುವುದಿಲ್ಲ. ನಿಜವಾಗಿ ಮಾರಾಟವಾದ ಬೆಲೆಯನ್ನೇ ವಿಚಾರಿಸಿ. ಅಂಗಡಿಯವರಿಗೆ ಮಾರಿದರೆ ಅವರು ಮುಂದೆ ಮಾರುವ ಬೆಲೆಯ ಅರ್ಧಕ್ಕಿಂತಲೂ ಕಡಿಮೆ ಕೊಡಬಹುದು. ಬಾಡಿಗೆ, ಸಂಬಳ, ಮಾರಾಟವಾಗದೆ ಉಳಿಯುವ ಪುಸ್ತಕಗಳ ನಷ್ಟ ಎಲ್ಲವೂ ಅವರ ತಲೆಯ ಮೇಲಿದೆ. ಇದನ್ನು ಮೋಸ ಎನ್ನಲಾಗದು. ಯಶವಂತಪುರದಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿ ಎಂ.ಜಿ. ರಸ್ತೆಗೆ ಇಳಿದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳು ಕಾಲ್ನಡಿಗೆಯ ದೂರ. 1945ರಲ್ಲಿ ಆರಂಭವಾದ ಸೆಲೆಕ್ಟ್ ಬುಕ್ ಶಾಪ್ ಕೂಡ ಅತ್ತಲೇ, ಬ್ರಿಗೇಡ್ ರಸ್ತೆಯ ಬದಿಯಲ್ಲಿ. ಅವೆನ್ಯೂ ರಸ್ತೆಯಲ್ಲಿ ತಾಳ್ಮೆ ಬೇಕು, ಚೌಕಾಸಿಯೂ ಬೇಕು. ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ಎಂಬ ಮೇಳವೂ ನಡೆಯುತ್ತ ಬಂದಿದೆ. ಮೊದಲ ಸಲ ಏನನ್ನೂ ಮಾರದೆ ಬರೀ ಬೆಲೆ ಕೇಳಿಕೊಂಡು ಬನ್ನಿ.

18 ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ. ಆದ್ದರಿಂದ ಪರಊರಿನವರೊಂದಿಗೆ ಫೋನಿನಲ್ಲಿ ವ್ಯವಹರಿಸುವುದು, ಮುಂಗಡ ಕಳಿಸುವುದು ಎಲ್ಲ ಅಪ್ಪ ಅಮ್ಮನ ಮೂಲಕವೇ ಆಗಲಿ. ಮಾರುವಾಗ ರಕ್ಷಾಪುಟ, ಹಿಂಬದಿ, ನಡುಹಾಳೆ ಮೂರರ ಫೋಟೋ ಕೊಡಿ. ಕೊಳ್ಳುವಾಗ ಅಷ್ಟನ್ನೇ ಕೇಳಿ. ನಿಮ್ಮಲ್ಲಿರುವ ಮೂಲ ಪ್ರತಿಯನ್ನು ಮಾರಲು ಯಾರ ಅಪ್ಪಣೆಯೂ ಬೇಡ. ಆದರೆ ಅದನ್ನು ಸ್ಕ್ಯಾನ್ ಮಾಡಿಯೋ ಬಣ್ಣದ ಜೆರಾಕ್ಸ್ ತೆಗೆದೋ ಮಾರುವುದು 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಅಪರಾಧ. ಅಂಥ ನಕಲನ್ನು ಮೂಲವೆಂದು ನಂಬಿಸಿ ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಹಳೆಯ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ ಕಾಣುತ್ತವೆ, ಇಂಕ್‌ಜೆಟ್ ನಕಲಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ ಚೆಲ್ಲಿದಂತಿರುತ್ತವೆ.

ತಕ್ಕಡಿ ಮೇಲೇಳುವ ಮುನ್ನ ಇನ್ನೊಂದು ಕೆಲಸವಿದೆ. ಆ ಟ್ರಂಕು ನಿಮ್ಮದಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ, ಯಾವ ಪುಸ್ತಕ ಯಾವ ಊರಿನಲ್ಲಿ, ಯಾರು ಕೊಡಿಸಿದ್ದು ಎಂದು ಕೇಳಿ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಚೀಲದೊಳಗೆ ರಟ್ಟಿನ ಹಿಂದೆ ಇಡಿ. ಪುಸ್ತಕದ ಮೇಲೆ ಮಾತ್ರ ಬರೆಯಬೇಡಿ.