ಕ್ರಿಸ್ಮಸ್ ಬೆಳಗ್ಗೆ ಮಕ್ಕಳ ಕೈಗೆ ಕುಸ್ವಾರ್ ತಟ್ಟೆ: ಯಾವ ಮನೆಗೆ ಏನು, ಯಾಕೆ?

ಡಿ.25ರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ ಕಡೆ ಕ್ರೈಸ್ತ ಮನೆಗಳಿರುವ ಯಾವುದಾದರೂ ವಠಾರದಲ್ಲಿ ನಿಂತು ನೋಡಿ. ಹೊಸ ಫ್ರಾಕ್ ಹಾಕಿದ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು ನಿಧಾನಕ್ಕೆ ಹೆಜ್ಜೆ ಇಡುತ್ತಿರುತ್ತಾಳೆ. ತಟ್ಟೆ ಮೇಲೆ ಬಿಳಿ ಬಟ್ಟೆ. ಹಿಂದೆ ತಮ್ಮ, ಅವನ ಕೆಲಸ ಗೇಟು ತೆಗೆಯೋದು. ಮನೆಯಿಂದ ಅಮ್ಮ ಕೂಗಿ ಹೇಳ್ತಾಳೆ, "ಭಟ್ರ ಮನೆಗೆ ಆ ತಟ್ಟೆ ಅಲ್ಲ, ಇನ್ನೊಂದು!"

ಈ "ಇನ್ನೊಂದು" ತಟ್ಟೆಯಲ್ಲಿ ಏನಿರುತ್ತೆ? ಅದನ್ನು ಮಕ್ಕಳ ಕೈಯಲ್ಲೇ ಯಾಕೆ ಕಳಿಸ್ತಾರೆ? ಸಣ್ಣ ಮಕ್ಕಳಿರುವ ಮನೆಯಲ್ಲಿ ಕ್ರಿಸ್ಮಸ್ ಬೆಳಗ್ಗೆ ಏನೇನು ನಡೆಯುತ್ತೆ? ಪಕ್ಕದ ಮನೆಯಲ್ಲೇ ಇದ್ದರೂ ಹಲವರಿಗೆ ಗೊತ್ತಿಲ್ಲದ ವಿಷಯಗಳು ಇಲ್ಲಿವೆ.

ನತಾಲಾಂ ಅಂದ್ರೆ ಏನು?

ಕರಾವಳಿಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು ಕ್ರಿಸ್ಮಸ್‌ಗೆ ಹೇಳೋದು "ನತಾಲಾಂ". ಪೋರ್ಚುಗೀಸ್ ಭಾಷೆಯಲ್ಲಿ ಕ್ರಿಸ್ಮಸ್‌ಗೆ ನತಾಲ್ ಅಂತಾರೆ. ಇವರ ಹಿರಿಯರು ಗೋವಾ ಕಡೆಯಿಂದ ಬಂದವರಾದ್ದರಿಂದ ಆ ಪದವೂ ಜೊತೆಗೇ ಬಂತು. ಹಬ್ಬಕ್ಕೆ ಮನೆಯಲ್ಲಿ ಮಾಡುವ ಸಿಹಿ–ಖಾರ ತಿಂಡಿಗಳಿಗೆಲ್ಲ ಸೇರಿ ಒಂದೇ ಹೆಸರು, ಕುಸ್ವಾರ್.

ಕುಸ್ವಾರ್ ಎಂದರೆ ಒಂದು ತಿಂಡಿ ಅಲ್ಲ, ಒಂದು ತಟ್ಟೆ ತುಂಬಾ ತಿಂಡಿ. ಅದರಲ್ಲಿ ನೆವ್ರಿ ಇರುತ್ತೆ, ಅಂದ್ರೆ ನಮ್ಮ ಕರ್ಜಿಕಾಯಿ. ಒಳಗೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ. ಅಕ್ಕಿ ಹಿಟ್ಟು, ತೆಂಗಿನಹಾಲಿನ ಸಣ್ಣ ಉಂಡೆ ಕಟ್ಟಿ ಕರಿದು ಸಕ್ಕರೆ ಪಾಕ ಹಿಡಿಸಿದ್ದು ಗುಳಿಯೊ. ಎಳ್ಳುಂಡೆ, ಚಕ್ಕುಲಿ, ಕಬ್ಬಿಣದ ಅಚ್ಚಿನಲ್ಲಿ ಹೂವಿನ ಆಕಾರಕ್ಕೆ ಕರಿದ ರೋಸ್ ಕುಕಿ, ಪ್ಲಮ್ ಕೇಕ್ ತುಂಡು. ಇವೆಲ್ಲದರ ಮಧ್ಯೆ ಮಕ್ಕಳಿಗೆ ತುಂಬಾ ಇಷ್ಟವಾದ ಕಿಡಿಯೊ. ಕೊಂಕಣಿಯಲ್ಲಿ ಕಿಡೊ ಅಂದ್ರೆ ಹುಳು. ನೋಡೋಕೆ ಹುಳದ ಹಾಗೇ ಇರೋದ್ರಿಂದ ಆ ಹೆಸರು. "ನಾವು ಹುಳ ತಿಂತೇವೆ" ಅಂತ ಶಾಲೆಯಲ್ಲಿ ಗೆಳೆಯರನ್ನು ಹೆದರಿಸುವುದು ಮಕ್ಕಳ ಹಳೆಯ ತಮಾಷೆ.

ತಯಾರಿ ಹತ್ತು ದಿನ ಮೊದಲೇ

ಆಗಮನ ಕಾಲ ಎಂದು ಕರೆಯುವ, ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಅವಧಿ ತಯಾರಿಯ ಸಮಯ. ಚರ್ಚ್‌ನಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ. ಮನೆಯಲ್ಲಿ ಮಕ್ಕಳಿಗೆ ಒಂದೊಂದೇ ಕೆಲಸ ಹಂಚಿಕೆಯಾಗುತ್ತದೆ.

ಮೊದಲನೇ ಕೆಲಸ ಗೋದಲಿಯದ್ದು. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ ಇದು. ಬೈಹುಲ್ಲು, ಮಣ್ಣು, ಕಲ್ಲು, ಹಳೇ ರಟ್ಟಿನ ಪೆಟ್ಟಿಗೆ, ಮನೆಯಲ್ಲಿ ಏನಿದೆಯೋ ಅದರಲ್ಲೇ ಆಗುತ್ತೆ. ಕೆಲವು ಮನೆಗಳಲ್ಲಿ ಹಬ್ಬಕ್ಕೆ ಹತ್ತು–ಹನ್ನೆರಡು ದಿನ ಇರುವಾಗ ಮಕ್ಕಳ ಕೈಯಿಂದ ತೆಂಗಿನ ಚಿಪ್ಪಿನಲ್ಲೋ ತಟ್ಟೆಯಲ್ಲೋ ಭತ್ತ ಅಥವಾ ರಾಗಿ ಬಿತ್ತಿಸುತ್ತಾರೆ. ದಿನಾ ನೀರು ಚಿಮುಕಿಸುವ ಜವಾಬ್ದಾರಿಯೂ ಅವರದ್ದೇ. 24ರ ಹೊತ್ತಿಗೆ ಬೆರಳುದ್ದ ಬೆಳೆದ ಆ ಪೈರೇ ಗೋದಲಿಯ ಗದ್ದೆ. ನೀರು ಹಾಕೋಕೆ ಮರೆತವರ ಗದ್ದೆ ಒಣಗುತ್ತೆ, ಅಣ್ಣನದ್ದು ಹಸಿರಾಗಿರುತ್ತೆ. ಅದಕ್ಕೊಂದು ಜಗಳ ಇದ್ದದ್ದೇ.

ಗೋದಲಿ ಕಟ್ಟುವ ಪದ್ಧತಿಯೇ ಹಳೆಯದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಅವರು ಹುಲ್ಲು, ಎತ್ತು, ಕತ್ತೆ ಇಟ್ಟು ಕ್ರಿಸ್ಮಸ್ ರಾತ್ರಿಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಅಲ್ಲಿಂದ ಅದು ಎಲ್ಲ ಕಡೆ ಹರಡಿತು. ಕರಾವಳಿಗೆ ಬಂದಾಗ ಅದಕ್ಕೆ ಭತ್ತದ ಗದ್ದೆಯೂ ಸೇರಿಕೊಂಡಿತು.

ಎರಡನೇ ಕೆಲಸ ಕಿಡಿಯೊ. ಮೈದಾ, ತೆಂಗಿನಹಾಲು, ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಗೋಲಿಯಷ್ಟು ಉಂಡೆ ಮಾಡಬೇಕು. ಫೋರ್ಕಿನ ಹಿಂಬದಿಗೋ ಹೊಸ ಬಾಚಣಿಗೆಗೋ ಒತ್ತಿ ಚಪ್ಪಟೆ ಮಾಡಿ, ಹಾಗೇ ಸುರುಳಿ ಸುತ್ತಿ ತೆಗೆಯಬೇಕು. ಸಣ್ಣ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ. ಒಂದು ಕಿಲೋ ಹಿಟ್ಟಿಗೆ ನೂರಾರು ಕಿಡಿಯೊ ಆಗೋದ್ರಿಂದ ಒಬ್ಬರಿಂದ ಮುಗಿಯೋದೂ ಇಲ್ಲ. ರಾತ್ರಿ ತೇರ್ಸ್, ಅಂದ್ರೆ ಜಪಸರ ಪ್ರಾರ್ಥನೆ ಮುಗಿದ ಮೇಲೆ ಚಾಪೆ ಹಾಸಿ ಅಜ್ಜಿ, ಅಮ್ಮ, ಮಕ್ಕಳು ಸಾಲಾಗಿ ಕೂರ್ತಾರೆ. ಒಲೆಯ ಹತ್ತಿರ ಮಾತ್ರ ಮಕ್ಕಳಿಗೆ ಪ್ರವೇಶ ಇಲ್ಲ. ಕರಿಯೋದು ದೊಡ್ಡವರು.

ಸೊಟ್ಟಗಾದ ಕಿಡಿಯೊವನ್ನು ಬಿಡಿಸಿ ಸರಿ ಮಾಡೋಕೆ ಅಜ್ಜಿಯಂದಿರು ಒಪ್ಪೋದಿಲ್ಲ. "ಎಣ್ಣೆಗೆ ಬಿದ್ದ ಮೇಲೆ ಎಲ್ಲಾ ಒಂದೇ" ಅನ್ನೋದು ಅವರ ಲೆಕ್ಕ. ಅದೇ ಸೊಟ್ಟ ಕಿಡಿಯೊ ಹಬ್ಬದ ದಿನ ಪಕ್ಕದ ಮನೆ ಸೇರಿದಾಗ, "ಇದು ನಾನು ಮಾಡಿದ್ದು" ಅಂತ ತೋರಿಸೋಕೆ ಮಗುವಿಗೆ ಒಂದು ಸಾಕ್ಷಿ ಇರುತ್ತೆ.

24ರ ರಾತ್ರಿ

ಹೆಸರು "ಮಿಡ್‌ನೈಟ್ ಮಾಸ್". ಆದರೆ ಈಗ ಹಲವು ಚರ್ಚ್‌ಗಳಲ್ಲಿ ಬಲಿಪೂಜೆ 24ರ ಸಂಜೆ ಏಳು–ಏಳೂವರೆಗೇ ಶುರುವಾಗುತ್ತದೆ. ರಾತ್ರಿ 10ರ ನಂತರ ಹೊರಾಂಗಣದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಜೊತೆಗೆ ಸಣ್ಣ ಮಕ್ಕಳು, ವಯಸ್ಸಾದವರು ನಡುರಾತ್ರಿ ಚಳಿಯಲ್ಲಿ ಬಂದು ಹೋಗೋದು ಕಷ್ಟ. ಹಿಂದೆ ಅರ್ಧ ಮಕ್ಕಳು ಅಪ್ಪನ ಹೆಗಲ ಮೇಲೆ ನಿದ್ದೆ ಹೊಡೆದೇ ಮಾಸ್ ಮುಗಿಸುತ್ತಿದ್ದರು. ಈಗ ಎಚ್ಚರ ಇದ್ದು ಹಾಡು ಕೇಳ್ತಾರೆ.

ಸಿಎಸ್‌ಐ ಸಭೆಗಳ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ಕ್ರಮ ಸ್ವಲ್ಪ ಬೇರೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಮೂಲದ ಈ ಮನೆಗಳವರಿಗೆ 25ರ ಬೆಳಗ್ಗಿನ ಆರಾಧನೆಯೇ ಮುಖ್ಯ. ಹಬ್ಬಕ್ಕೆ ಮೊದಲಿನ ರಾತ್ರಿಗಳಲ್ಲಿ ಮನೆ ಮನೆಗೆ ಕ್ಯಾರಲ್ ತಂಡ ಹೋಗುತ್ತದೆ.

ಕ್ಯಾಥೊಲಿಕ್ ಮನೆಗಳಲ್ಲಿ ಅಲ್ಲಿಯವರೆಗೆ ಗೋದಲಿಯಲ್ಲಿ ಬಾಲ ಯೇಸುವಿನ ಜಾಗ ಖಾಲಿ ಇರುತ್ತೆ. ಮೇರಿ, ಜೋಸೆಫ್, ಕುರುಬರು, ದನ, ಕುರಿ ಎಲ್ಲ ಮೊದಲೇ ಬಂದು ನಿಂತಿರುತ್ತಾರೆ. ಮಾಸ್ ಮುಗಿಸಿ ಮನೆಗೆ ಬಂದ ಮೇಲೆ ಮಗುವಿನ ಮೂರ್ತಿಯನ್ನು ಇಡೋದು. ಹಲವು ಮನೆಗಳಲ್ಲಿ ಆ ಭಾಗ್ಯ ಮನೆಯ ಅತಿ ಚಿಕ್ಕವರಿಗೆ.

ಬೆಳಗ್ಗೆ ಎದ್ದ ಕೂಡಲೇ

ಎದ್ದು ಕಣ್ಣುಜ್ಜಿಕೊಂಡು ಮಕ್ಕಳು ಓಡೋದು ಗೋದಲಿಯ ಹತ್ತಿರಕ್ಕೆ. ಅಲ್ಲೇ ಸಣ್ಣ ಉಡುಗೊರೆ ಏನಾದರೂ ಇರುತ್ತೆ. ಬಣ್ಣದ ಪೆನ್ಸಿಲ್, ಆಟದ ಕಾರು, ಹೊಸ ಚಪ್ಪಲಿ. ಕೊಟ್ಟವರು ಸಾಂತಾ ಕ್ಲಾಸ್ ಅಂತ ಹೆಸರು. ಈ ಸಾಂತಾನ ಹಿಂದೆ ಇರೋದು ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾದಲ್ಲಿ ಬಿಷಪ್ ಆಗಿದ್ದ ಸಂತ ನಿಕೋಲಸ್. ಮಕ್ಕಳ ಪಾಲಿನ ಸಂತ ಎಂದೇ ಅವರು ಹೆಸರಾದರು.

ಉಡುಗೊರೆಗಿಂತ ಮೊದಲು ಒಂದು ಕ್ರಮ ಇದೆ. ಮಕ್ಕಳು ಹಿರಿಯರ ಮುಂದೆ ಕೈ ಜೋಡಿಸಿ "ಬೆಸಾಂವ್" ಕೇಳಬೇಕು. ಬೆಸಾಂವ್ ಅಂದ್ರೆ ಆಶೀರ್ವಾದ. ಅಜ್ಜ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದ ಮೇಲೆಯೇ ಪೊಟ್ಟಣ ಬಿಚ್ಚೋದು.

ತಿಂಡಿಗೆ ಸನ್ನ. ನೋಡೋಕೆ ಇಡ್ಲಿ ಹಾಗೆ, ಆದರೆ ಇನ್ನೂ ಮೆತ್ತಗೆ. ಹಿಂದೆ ಹಿಟ್ಟು ಹುಳಿ ಬರಿಸೋಕೆ ಶೇಂದಿ ಹಾಕುತ್ತಿದ್ದರು, ಈಗ ಹೆಚ್ಚಿನವರು ಹಾಕೋದು ಯೀಸ್ಟ್. ಜೊತೆಗೆ ಹಂದಿ ಅಥವಾ ಕೋಳಿ ಪದಾರ್ಥ. ಅದು ಮುಗಿಯೋದೇ ತಡ, ಊಟದ ಮೇಜಿನ ಮೇಲೆ ತಟ್ಟೆಗಳು ಸಾಲಾಗುತ್ತವೆ.

ಯಾರ ಮನೆಗೆ ಯಾವ ತಟ್ಟೆ?

ಇದು ಬೆಳಗ್ಗಿನ ಅತಿ ನಾಜೂಕಿನ ಕೆಲಸ. ತಟ್ಟೆಗಳು ನೋಡೋಕೆ ಒಂದೇ ಥರ, ಒಳಗಿನದು ಬೇರೆ.

ಮೊಟ್ಟೆ ಮುಟ್ಟದ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕ್, ರೋಸ್ ಕುಕಿ, ಮೊಟ್ಟೆ ಹಾಕಿದ ಕಿಡಿಯೊ ಇರೋದಿಲ್ಲ. ಅದರ ಬದಲು ಚಕ್ಕುಲಿ, ಎಳ್ಳುಂಡೆ, ಮೊಟ್ಟೆ ಹಾಕದ ಗುಳಿಯೊ, ನೆವ್ರಿ ಜಾಸ್ತಿ. ಕೆಲವರು ಇವನ್ನು ಮೊದಲೇ ಬೇರೆ ಎಣ್ಣೆಯಲ್ಲಿ ಕರಿದು, ಬೇರೆ ಡಬ್ಬಿಯಲ್ಲಿ ಎತ್ತಿಡ್ತಾರೆ. ಅಮ್ಮ ಕೂಗಿ ಹೇಳಿದ "ಇನ್ನೊಂದು" ತಟ್ಟೆ ಇದೇ.

ಮುಸ್ಲಿಂ ನೆರೆಮನೆಗೆ ಕಳಿಸುವಾಗ ಇನ್ನೊಂದು ಎಚ್ಚರ. ಪ್ಲಮ್ ಕೇಕಿಗೆ ಹಾಕುವ ದ್ರಾಕ್ಷಿ, ಗೇರುಬೀಜವನ್ನು ರಮ್ ಅಥವಾ ಬ್ರಾಂದಿಯಲ್ಲಿ ನೆನೆಸುವ ರೂಢಿ ಇದೆ. ಅಂಥ ಕೇಕು ಆ ತಟ್ಟೆಗೆ ಹೋಗೋದಿಲ್ಲ. ಹಣ್ಣಿನ ರಸದಲ್ಲಿ ನೆನೆಸಿ ಮಾಡಿದ ಕೇಕ್ ಇದ್ದರೆ ಅದು, ಇಲ್ಲದಿದ್ದರೆ ಬರೀ ಕುಸ್ವಾರ್.

ಸಕ್ಕರೆ ಕಾಯಿಲೆ ಇರುವ ಅಜ್ಜನ ಮನೆಗೆ ಚಕ್ಕುಲಿ ಒಂದು ಹಿಡಿ ಹೆಚ್ಚು. ಹಲ್ಲಿಲ್ಲದ ಅಜ್ಜಿಗೆ ಮೆತ್ತಗಿನ ಕೇಕು. ಆ ವರ್ಷ ಸಾವಾದ ಮನೆಯವರು ಸಾಮಾನ್ಯವಾಗಿ ಕರಿದ ತಿಂಡಿ ಮಾಡಿ ಹಬ್ಬ ಮಾಡೋದಿಲ್ಲ. ಆ ಮನೆಗೆ ತಟ್ಟೆ ತಪ್ಪಿಸುವ ಹಾಗಿಲ್ಲ.

ತಟ್ಟೆಯನ್ನು ಮಕ್ಕಳ ಕೈಗೆ ಕೊಡೋದಕ್ಕೆ ಕಾರಣ ಇಲ್ಲೇ ಇದೆ. ವರ್ಷ ವರ್ಷ ಹೊತ್ತುಕೊಂಡು ಹೋಗಿ ಮಗುವಿಗೆ ಈ ಲೆಕ್ಕ ಬಾಯಿಪಾಠ ಆಗುತ್ತದೆ. ಯಾರು ಏನು ತಿನ್ನುತ್ತಾರೆ, ಏನು ತಿನ್ನೋದಿಲ್ಲ, ಯಾರ ಮನೆಯಲ್ಲಿ ಈ ವರ್ಷ ಯಾರಿಲ್ಲ ಎಂಬುದು ಏಳು ವರ್ಷದ ಮಗುವಿಗೂ ಗೊತ್ತಿರುತ್ತೆ. ನೆರೆಯವರ ಊಟದ ಕ್ರಮವನ್ನು ಗೌರವಿಸಬೇಕು ಅಂತ ಯಾರೂ ಪಾಠ ಮಾಡಬೇಕಾಗಿಲ್ಲ.

ಆ ಕಡೆಯಿಂದಲೂ ಲೆಕ್ಕ ಇದೆ. ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು. "ಬಾಯಮ್ಮ ಕಳಿಸಿದ್ದಾ?" ಅಂತ ಕೇಳುತ್ತಾ ಒಳಗೆ ಹೋದವರು ನಾಲ್ಕು ಬಾಳೆಹಣ್ಣೋ, ಒಂದು ಹಿಡಿ ಸಕ್ಕರೆಯೋ, ಮಗುವಿಗೆ ಒಂದು ಚಾಕಲೇಟೋ ಇಟ್ಟು ಕೊಡ್ತಾರೆ. ಅಷ್ಟಮಿಗೆ, ದೀಪಾವಳಿಗೆ, ರಂಜಾನ್‌ಗೆ ಇದೇ ತಟ್ಟೆಯ ಸಾಲ ತೀರುತ್ತದೆ.

ಅಂಗಡಿಯವರಿಗೂ ಗೊತ್ತಿರಲಿ

ಡಿಸೆಂಬರ್ ಮೊದಲ ವಾರದಿಂದ ಮೈದಾ, ಬೆಳ್ತಿಗೆ ಅಕ್ಕಿ, ಎಳ್ಳು, ಏಲಕ್ಕಿ, ಒಣದ್ರಾಕ್ಷಿ, ಗೇರುಬೀಜ, ತೆಂಗಿನೆಣ್ಣೆ ಕೇಳಿಕೊಂಡು ಬರೋರು ಜಾಸ್ತಿ. ಮೊಟ್ಟೆ, ಬೆಣ್ಣೆ ಕೊನೇ ವಾರಕ್ಕೆ. ಹಿಂದೆ ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮನೆಯಲ್ಲೇ ಮಾಡುತ್ತಿದ್ದ ನಕ್ಷತ್ರವನ್ನು ಈಗ ಹೆಚ್ಚಿನವರು ಅಂಗಡಿಯಿಂದಲೇ ಒಯ್ಯುತ್ತಾರೆ. ಬೇಕರಿಗಳಲ್ಲಿ, ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಂಗಸರ ಹತ್ತಿರ ರೆಡಿ ಕುಸ್ವಾರ್ ಪ್ಯಾಕೆಟ್ ಸಿಗುತ್ತದೆ.

ಪ್ಯಾಕೆಟ್ ಕಟ್ಟುವವರು ಒಂದು ಕೆಲಸ ಮಾಡಿದರೆ ಅರ್ಧ ಊರಿಗೆ ಉಪಕಾರ. ಮೊಟ್ಟೆ ಇದ್ದದ್ದು, ಇಲ್ಲದ್ದು ಬೇರೆ ಬೇರೆ ಕಟ್ಟಿ ಮೇಲೆ ದೊಡ್ಡದಾಗಿ ಬರೆಯಿರಿ. ಕೇಕಿನಲ್ಲಿ ಮದ್ಯ ಇದ್ದರೆ ಅದನ್ನೂ ಬರೆಯಿರಿ. ಮನೆಯಲ್ಲಿ ಮಾಡಿದ ತಿಂಡಿಯಲ್ಲಿ ಏನಿದೆ ಅಂತ ಅಮ್ಮನಿಗೆ ಗೊತ್ತು, ತಂದ ಪ್ಯಾಕೆಟ್‌ನದ್ದು ಗೊತ್ತಿರೋದಿಲ್ಲ. ಗೊತ್ತಿಲ್ಲದ್ದನ್ನು ನೆರೆಮನೆಗೆ ಕಳಿಸೋಕೆ ಅವಳಿಗೆ ಮನಸ್ಸು ಬಾರದು.

ತಟ್ಟೆ ಕಡಿಮೆಯಾಗ್ತಿದೆಯಾ?

ಹೌದು ಅನ್ನುವವರೇ ಹೆಚ್ಚು. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಿನ ಮನೆಯಲ್ಲಿ ಅಜ್ಜ–ಅಜ್ಜಿ ಇಬ್ಬರೇ ಉಳಿದಾಗ ಕಿಡಿಯೊ ಸುತ್ತೋಕೆ ಬೆರಳುಗಳಿಲ್ಲ, ತಟ್ಟೆ ಹೊರೋಕೆ ಕಾಲುಗಳಿಲ್ಲ. ಫ್ಲ್ಯಾಟ್‌ಗಳಲ್ಲಿ ಎದುರು ಬಾಗಿಲಿನವರ ಹೆಸರೇ ಗೊತ್ತಿರೋದಿಲ್ಲ.

ಇನ್ನೊಂದು ಕಾರಣವನ್ನು ಜನ ಮೆಲ್ಲಗೆ ಹೇಳ್ತಾರೆ. "ಕಳಿಸಿದ್ರೆ ತಿಂತಾರೋ ಇಲ್ವೋ, ಸುಮ್ನೆ ಯಾಕೆ ಮಾರ್ರೆ" ಎಂಬ ಹಿಂಜರಿಕೆ. ಆ ಕಡೆಯವರಿಗೂ ಅದೇ ಹಿಂಜರಿಕೆ, "ಕೇಳಿದ್ರೆ ಬೇಸರ ಮಾಡ್ತಾರೋ ಏನೋ". ಇಬ್ಬರೂ ಕೇಳದೆ ಸುಮ್ಮನಿದ್ದರೆ ಒಂದು ವರ್ಷ ತಟ್ಟೆ ನಿಲ್ಲುತ್ತದೆ. ಮುಂದಿನ ವರ್ಷ ನೆನಪೂ ಆಗೋದಿಲ್ಲ. ಇಪ್ಪತ್ತು–ಮೂವತ್ತು ವರ್ಷ ಹೋಗಿ ಬಂದ ದಾರಿ ಜಗಳವೇ ಇಲ್ಲದೆ ಮುಚ್ಚಿ ಹೋಗುತ್ತದೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಹೊಸದಾಗಿ ಬಂದ ನೆರೆಯವರನ್ನು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೇಳಿದರೆ ಆಯಿತು, "ನಿಮಗೆ ಮೊಟ್ಟೆ ಆಗ್ತದಾ?" ಇಷ್ಟು ಪ್ರಶ್ನೆಗೆ ಬೇಸರ ಮಾಡುವವರು ಇಲ್ಲ. ಕೆಲವು ಮನೆಗಳಲ್ಲಿ ಎಲ್ಲ ತಿಂಡಿ ಮಾಡೋದು ಬಿಟ್ಟು, ಮಕ್ಕಳ ಜೊತೆ ಒಂದು ಕಿಡಿಯೊ ಮಾತ್ರ ಮನೆಯಲ್ಲಿ ಮಾಡಿ, ಉಳಿದದ್ದನ್ನು ಅಂಗಡಿಯಿಂದ ತಂದು ತಟ್ಟೆ ಹೊಂದಿಸುತ್ತಾರೆ. ಅದೂ ತಟ್ಟೆಯೇ. ಹೊರುವ ಮಗು ಇರಬೇಕು, ಅಷ್ಟೆ.

ಕ್ರಿಸ್ಮಸ್ ಒಂದೇ ದಿನಕ್ಕೆ ಮುಗಿಯೋದೂ ಇಲ್ಲ. ಜನವರಿ 6ರ ಮೂವರು ರಾಯರ ಹಬ್ಬದವರೆಗೆ ಹಲವು ಮನೆಗಳಲ್ಲಿ ಗೋದಲಿ ಹಾಗೇ ಇರುತ್ತೆ. 25ರಂದು ಮನೆಯಲ್ಲಿ ಇಲ್ಲದವರಿಗೆ ಆಮೇಲೆ ಕೊಟ್ಟರೂ ನಡೆಯುತ್ತೆ. ಕರಿದ ಕುಸ್ವಾರ್ ಗಾಳಿಯಾಡದ ಡಬ್ಬಿಯಲ್ಲಿ ಅಷ್ಟು ದಿನ ಗರಿಗರಿಯಾಗಿಯೇ ಇರುತ್ತದೆ.

ಹಾಗಾಗಿ ಡಿ.25ರ ಬೆಳಗ್ಗೆ ಗೇಟಿನ ಸದ್ದಾಗಿ, ಹೊಸ ಬಟ್ಟೆ ಹಾಕಿದ ಮಗು ತಟ್ಟೆ ಹಿಡಿದು ನಿಂತಿದ್ದರೆ ಎರಡು ಕೆಲಸ ಮಾಡಿ. ಇದರಲ್ಲಿ ನೀನು ಮಾಡಿದ್ದು ಯಾವುದು ಅಂತ ಕೇಳಿ. ಮತ್ತೆ ತಟ್ಟೆ ವಾಪಸ್ ಕೊಡುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ಬನ್ನಿ, ಖಾಲಿ ಕೊಡಬೇಡಿ.