ಓಡುತ್ತಾ ಗುಂಡು ಹಾರಿಸುವ ವಿಡಿಯೊ ಬಂತೇ? ಅದು ಆಟ ಇರಬಹುದು. ಆದರೆ ಕೊಡಗಿನ ಪಕ್ಕದಲ್ಲಿದ್ದೇವೆಂದು ಕೋವಿ ಮುಟ್ಟಬೇಡಿ

ಪಿಸ್ತೂಲು ಹಿಡಿದ ಒಬ್ಬ ಹಲಗೆಗಳ ಸಂದಿಯಲ್ಲಿ ಓಡುತ್ತಾನೆ, ಕಿಟಕಿಯಂಥ ಕಿಂಡಿಯಿಂದ ಬಗ್ಗಿ ಗುಂಡು ಹಾರಿಸುತ್ತಾನೆ, ಮತ್ತೆ ಓಡುತ್ತಾನೆ. ಇಂಥ ವಿಡಿಯೊ ಗ್ರೂಪಿಗೆ ಬಂದಾಗ ‘ಗುಪ್ತ ಸೈನ್ಯದ ತರಬೇತಿ’ ಎಂದು ಯಾರು ಬೇಕಾದರೂ ಬರೆದು ಕಳಿಸಬಹುದು. ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ಗಮನಿಸಿ. ಓಡುವವನ ಕಿವಿ ಮುಚ್ಚಿದೆಯೇ? ಹಿಂದೆಯೇ ಇನ್ನೊಬ್ಬರು ಟೈಮರ್ ಹಿಡಿದು ಹೋಗುತ್ತಿದ್ದಾರೆಯೇ? ಗುರಿಗಳು ರಟ್ಟು ಮತ್ತು ಉಕ್ಕಿನ ತಟ್ಟೆಗಳೇ? ಹಾಗಿದ್ದರೆ ಅದು ಬಹುತೇಕ ಪ್ರಾಕ್ಟಿಕಲ್ ಶೂಟಿಂಗ್ ಎಂಬ ಸ್ಪರ್ಧೆ.

1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಕೂಪರ್ ಎಂಬ ಸೇನಾಧಿಕಾರಿ ಮತ್ತು ಸಂಗಡಿಗರು ಸೊಂಟದ ಪಿಸ್ತೂಲನ್ನು ಸೆಳೆದು ಬೇಗ ಗುರಿ ಹೊಡೆಯುವ ಪಂದ್ಯಗಳನ್ನು ನಡೆಸತೊಡಗಿದರು. ಅಲ್ಲಿಂದ ಬೆಳೆದ ಆಟಕ್ಕೆ 1975ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1976ರಲ್ಲಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು, ಕೂಪರ್ ಅದರ ಮೊದಲ ಅಧ್ಯಕ್ಷರಾದರು. ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲ.

ಗೆಲುವಿನ ಲೆಕ್ಕವೇ ಇದರ ಸ್ವಾರಸ್ಯ. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಗುರಿಯ ನಡುವಿಗೆ ಬಿದ್ದರೆ 5 ಅಂಕ, ಗುರಿ ತಪ್ಪಿದರೆ 10 ಕಳೆಯುತ್ತಾರೆ. 12 ಗುಂಡುಗಳ ಒಂದು ಸುತ್ತು ಎಂದುಕೊಳ್ಳಿ. ಒಬ್ಬರು ನಿಧಾನವಾಗಿ ಎಲ್ಲವನ್ನೂ ನಡುವಿಗೇ ಹೊಡೆದು 12 ಸೆಕೆಂಡು ತೆಗೆದುಕೊಂಡರೆ 60 ಭಾಗಿಸು 12, ಅಂದರೆ 5. ಇನ್ನೊಬ್ಬರು 6 ಸೆಕೆಂಡಿನಲ್ಲೇ ಮುಗಿಸಿದರು, ಆದರೆ ಎರಡು ಗುಂಡು ತಪ್ಪಿತು. ಹತ್ತು ಗುಂಡಿಗೆ 50, ಅದರಲ್ಲಿ 20 ಹೋದರೆ ಉಳಿದದ್ದು 30. ಭಾಗಿಸಿದರೆ ಅವರಿಗೂ 5! ಅರ್ಧ ಸಮಯದಲ್ಲಿ ಓಡಿ ಬಂದದ್ದೆಲ್ಲ ನೀರಿನಲ್ಲಿ ಹೋಮ. ಸಿನಿಮಾ ಹೀರೊಗಳು ಇಲ್ಲಿ ಮೊದಲ ಸುತ್ತಿನಲ್ಲೇ ಸೋಲುತ್ತಾರೆ. ಅದಕ್ಕೂ ಮುಂಚೆ, ನಳಿಗೆ ಸುರಕ್ಷಿತ ದಿಕ್ಕು ಬಿಟ್ಟು ತಿರುಗಿದರೆ ಅಥವಾ ಗುಂಡು ಅಚಾನಕ್ಕಾಗಿ ಹಾರಿದರೆ ಅಲ್ಲೇ ಪಂದ್ಯದಿಂದ ಹೊರಗೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದವರಿಗೆ ಪರಿಚಯವಿರುವ ಗುರಿ ಸ್ಪರ್ಧೆ ಬೇರೆಯದು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಮಾಡಿ, ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅಲ್ಲಿ ಓಟವಿಲ್ಲ, ಗಡಿಯಾರವಿಲ್ಲ, ಕಾಯಿ ಒಡೆಯಬೇಕು ಅಷ್ಟೇ.

ಅದನ್ನು ನೋಡಿ ‘ಕೊಡಗಿನ ಕಡೆ ಕೋವಿಗೆ ಲೈಸೆನ್ಸ್ ಬೇಡ’ ಎಂದುಕೊಳ್ಳುವವರಿದ್ದಾರೆ. ಇದು ಅರ್ಧ ಸತ್ಯ, ಆದ್ದರಿಂದಲೇ ಅಪಾಯ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಜನರಿಗೆ ಕೊಟ್ಟದ್ದು, ಜಾಗಕ್ಕಲ್ಲ. ಕೊಪ್ಪದ ಸೇತುವೆ ದಾಟಿ ಕುಶಾಲನಗರದಲ್ಲಿ ಮನೆ ಮಾಡಿದರೂ ಪಿರಿಯಾಪಟ್ಟಣದವರಿಗೆ ಅದು ಸಿಗದು.

ಹಾಗಾಗಿ ಎಚ್.ಡಿ. ಕೋಟೆಯಲ್ಲೋ ಕೆ.ಆರ್. ನಗರದಲ್ಲೋ ಹಂದಿ ಕಾಟಕ್ಕೆಂದು ಕೊಡಗಿನ ಸ್ನೇಹಿತರ ಕೋವಿ ತಂದಿಟ್ಟುಕೊಂಡರೆ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಜೈಲು ಶಿಕ್ಷೆಯೂ ಆಗಬಹುದು. ಬೆಳೆ ರಕ್ಷಣೆಗೆ ಲೈಸೆನ್ಸ್ ಬೇಕಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಸಿಕ್ಕರೂ ಅದು ಬೇಟೆಗೆ ಅನುಮತಿಯಲ್ಲ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೋವಿಗೆ ಲೈಸೆನ್ಸ್ ಇದ್ದರೂ ಈ ಶಿಕ್ಷೆ ತಪ್ಪದು.