ಹಳೆಯ ಗಣಕಗಳ ಗ್ರಂಥಸಂಪಾದನೆ

ಕೃಷ್ಣಗಿರಿ ಸುತ್ತಲಿನ ವೀರಗಲ್ಲುಗಳ ಬಳಿಗೆ ಹೋಗುವ ಶಾಸನತಜ್ಞನು ಮೊದಲು ಮಾಡುವ ಕೆಲಸ ಓದುವುದಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ, ಮಸಿ ಸವರಿ ಪಡಿಯಚ್ಚು ತೆಗೆಯುತ್ತಾನೆ. ಓದು ಆಮೇಲಿನ ಮಾತು. ಓದಿನಲ್ಲಿ ಸಂದೇಹ ಬಂದರೆ ಪಡಿಯಚ್ಚಿಗೆ ಮರಳಬಹುದು. 1980ರ ದಶಕದ ಗೃಹಗಣಕಗಳಿಗೆ ಇಂದಿಗೂ ಕ್ರಮವಿಧಿ ಬರೆಯುತ್ತ, ಅವುಗಳ ಹಳೆಯ ತಂತ್ರಾಂಶವನ್ನು ಉಳಿಸುತ್ತಿರುವ ಹವ್ಯಾಸಿಗಳು ಅನುಸರಿಸುವುದೂ ಇದೇ ಕ್ರಮವನ್ನು. ಗ್ರಂಥಸಂಪಾದನಾಶಾಸ್ತ್ರವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗೆ ಈ ಹವ್ಯಾಸದಲ್ಲಿ ಪರಿಚಿತ ಮುಖಗಳೇ ಹೆಚ್ಚು.

1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಒಂದು ರೂಪವನ್ನು ಭಾರತದಲ್ಲಿಯೂ ಡೆಸಿಬೆಲ್ಸ್ ಎಂಬ ಸಂಸ್ಥೆ ಮಾರಾಟಕ್ಕೆ ತಂದಿತು. ಅದೇ ದಶಕದಲ್ಲಿ, 1984ರಲ್ಲಿ, ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯು ಬಿಬಿಸಿ ಮೈಕ್ರೋ ಗಣಕವನ್ನು ನಮ್ಮ ದೇಶದ ಆಯ್ದ ಶಾಲೆಗಳಿಗೆ ಒಯ್ದಿತ್ತು. ಸ್ಪೆಕ್ಟ್ರಮ್‌ನ ಸ್ಮೃತಿ ಹೆಚ್ಚೆಂದರೆ 48 ಕಿಲೋಬೈಟ್. ಕ್ರಮವಿಧಿಗಳನ್ನು ಇಡುತ್ತಿದ್ದುದು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಲ್ಲಿ. ಸೊನ್ನೆಗೆ ಒಂದು ಜೋಡಿ ಕಿರುಮಿಡಿತ, ಒಂದಕ್ಕೆ ಅದರ ಎರಡರಷ್ಟು ದೀರ್ಘವಾದ ಇನ್ನೊಂದು ಜೋಡಿ. ಕನ್ನಡ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ: ಲಘು ಮತ್ತು ಗುರು. ಯಂತ್ರವು ಆ ಕೀರಲು ಸದ್ದಿಗೆ ಪ್ರಸ್ತಾರ ಹಾಕಿ ಪಠ್ಯವನ್ನು ಪಡೆಯುತ್ತದೆ. ಸ್ಮೃತಿ ತುಂಬುವ ಕ್ರಮವಿಧಿಯನ್ನು ಹೀಗೆ ಓದಿಕೊಳ್ಳಲು ನಾಲ್ಕೈದು ನಿಮಿಷ ಬೇಕು.

ಕ್ಯಾಸೆಟ್ಟಿನ ಕಾಂತಲೇಪ ಕಾಲಕ್ರಮದಲ್ಲಿ ಸೊರಗುತ್ತದೆ, ಬೂಸಲು ಹಿಡಿಯುತ್ತದೆ, ಉದುರುತ್ತದೆ. ಆದುದರಿಂದ ಎಚ್ಚರವುಳ್ಳ ಹವ್ಯಾಸಿಯು ಮೊದಲು ಧ್ವನಿಯನ್ನು, ಗೊರಗೊರ ಸದ್ದೂ ಸೇರಿದಂತೆ, ಇದ್ದಂತೆಯೇ ದಾಖಲಿಸಿಕೊಳ್ಳುತ್ತಾನೆ. ಪಡಿಯಚ್ಚೆಂದರೆ ಅದು. ಅನಂತರ ಅದನ್ನು ಅಂಕಿಗಳಾಗಿ ಓದುತ್ತಾನೆ. ಪ್ರತಿ ಖಂಡದ ಕೊನೆಯಲ್ಲಿ ಯಂತ್ರವೇ ಬರೆದಿಟ್ಟ ಒಂದು ತಾಳೆಯ ಬೈಟ್ ಇರುತ್ತದೆ. ಹಿಂದಿನ ಎಲ್ಲ ಬೈಟ್‌ಗಳನ್ನು ನಿಯತ ರೀತಿಯಲ್ಲಿ ಕೂಡಿಸಿದಾಗ ಬರುವ ಫಲ ಅದಕ್ಕೆ ಹೊಂದದಿದ್ದರೆ ಎಲ್ಲಿಯೋ ಲಿಪಿಕಾರದೋಷವಿದೆ ಎಂದರ್ಥ. ಒಂದೇ ಸ್ಥಾನದಲ್ಲಿ ಎರಡು ತಪ್ಪುಗಳಾದರೆ ಅವು ಪರಸ್ಪರ ಅಳಿಸಿಕೊಂಡು ತಾಳೆ ಹೊಂದಿಬಿಡುವುದೂ ಉಂಟು. ಆಗ ಅದೇ ಕ್ರಮವಿಧಿಯ ಇನ್ನೊಂದು ಕ್ಯಾಸೆಟ್ ಹುಡುಕಿ ಪಾಠಾಂತರಗಳನ್ನು ಗುರುತಿಸಬೇಕು. ಇಲ್ಲಿ ಸಂಪಾದಕನ ಊಹೆಗೆ ಸ್ಥಳ ಕಡಿಮೆ. ಕ್ಲಿಷ್ಟ ಪಾಠವೇ ಮೂಲವಿರಬಹುದೆಂಬ ನಮ್ಮ ಸೂತ್ರಕ್ಕಂತೂ ಕೆಲಸವೇ ಇಲ್ಲ. ಹೀಗೆ ಸಿದ್ಧವಾದ ಪಠ್ಯವನ್ನು ಹಳೆಯ ಯಂತ್ರದಂತೆ ವರ್ತಿಸುವ ಎಮ್ಯುಲೇಟರ್ ತಂತ್ರಾಂಶದ ಮೂಲಕ ಇಂದಿನ ಗಣಕದಲ್ಲಿ ನಡೆಸಲಾಗುತ್ತದೆ.

ಇಂಥ ಯಂತ್ರದಲ್ಲಿ ಕನ್ನಡ ಬರೆಯಲು ಸಾಧ್ಯವೆ? ಎಮ್ಯುಲೇಟರ್ ಇದ್ದರೆ ಯಾವ ವಿದ್ಯಾರ್ಥಿಯೂ ಪರೀಕ್ಷಿಸಬಹುದು. ಸ್ಪೆಕ್ಟ್ರಮ್‌ನಲ್ಲಿ ಪ್ರತಿ ಅಕ್ಷರವೂ ಎಂಟು ಸಾಲು, ಎಂಟು ಕಂಬಗಳ ಚೌಕ. ಪ್ರತಿ ಸಾಲಿಗೂ ಒಂದು ಸಂಖ್ಯೆ. ನಡುವಿನ ನಾಲ್ಕು ಚುಕ್ಕೆಗಳು ಬೆಳಗಬೇಕಾದರೆ 60, ಆರು ಬೆಳಗಬೇಕಾದರೆ 126. ಬಳಕೆದಾರನು ತಾನೇ ರೂಪಿಸಿಕೊಳ್ಳಲು ಯಂತ್ರ ಬಿಟ್ಟುಕೊಡುವ ಚೌಕಗಳು 21 ಮಾತ್ರ. ನಮ್ಮ ವ್ಯಂಜನಗಳಿಗೇ ಅವು ಸಾಲವು. ಅಕ್ಷರಕೋಷ್ಟಕದ ವಿಳಾಸವನ್ನೇ ಬದಲಿಸಿ 96 ಚೌಕಗಳನ್ನು ಪಡೆಯುವ ಉಪಾಯವೊಂದಿದೆ. ಆದರೂ ಒತ್ತಕ್ಷರ ಎದುರಾದೊಡನೆ ಚೌಕ ಸೋಲುತ್ತದೆ. ‘ಸ್ತ್ರೀ’ ಎಂದು ಬರೆಯಲು ಚೌಕದ ಕೆಳಗೆ ಇನ್ನೊಂದು ಚೌಕ ಬೇಕು; ಆಗ ತೆರೆಯ 24 ಸಾಲುಗಳು 12 ಆಗುತ್ತವೆ. ಕನ್ನಡದ ಲಿಪಿ ಅಕ್ಕಪಕ್ಕ ಮಾತ್ರವಲ್ಲ, ಮೇಲೆ ಕೆಳಗೆಯೂ ಬೆಳೆಯುವ ಲಿಪಿಯೆಂಬುದನ್ನು ಯಾವ ಭಾಷಾಶಾಸ್ತ್ರದ ಉಪನ್ಯಾಸಕ್ಕಿಂತ ಸ್ಪಷ್ಟವಾಗಿ ಈ ಅರ್ಧ ಗಂಟೆಯ ಆಟ ತೋರಿಸಿಕೊಡುತ್ತದೆ.

ಮುಂದೆ ಬಂದ ದೊಡ್ಡ ಗಣಕಗಳ ಮೊದಲ ಕನ್ನಡ ಅಕ್ಷರಶೈಲಿಗಳು ಇದೇ ಸಮಸ್ಯೆಗೆ ಕಂಡುಕೊಂಡ ಪರಿಹಾರ, ಅಕ್ಷರಗಳನ್ನು ಚೂರುಗಳಾಗಿ ಒಡೆದು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸುವುದು. ನುಡಿ ತಂತ್ರಾಂಶದ ಹಳೆಯ ಕಡತಗಳಲ್ಲಿ ‘ಕ’ ಎಂಬುದು ಎರಡು ಚೂರು, ‘ಕಿ’ ಎಂಬುದು ಒಂದೇ ಚೂರು! ಅಲ್ಲಿ ಉಳಿದಿರುವುದು ಕಣ್ಣಿಗೆ ಕಾಣುವ ಆಕಾರ, ಉಚ್ಚಾರದ ಕ್ರಮವಲ್ಲ. 1991ರ ಇಸ್ಕಿ ಮಾನಕವೂ ಯೂನಿಕೋಡೂ ವರ್ಣಗಳನ್ನು ಉಚ್ಚಾರದ ಕ್ರಮದಲ್ಲಿ ಇಡುತ್ತವೆ. ಆದುದರಿಂದ ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಕ್ರಮವಿಧಿ ಸ್ವಲ್ಪ ವ್ಯಾಕರಣವನ್ನೂ ಬಲ್ಲದಾಗಿರಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಕಣ್ಣಿಗೆ ಯಕಾರದ ಅನಂತರ ಕಂಡರೂ ಕಿವಿಗೆ ಅದರ ಮೊದಲೇ ಕೇಳುತ್ತದೆ. ಇದನ್ನರಿಯದ ಪರಿವರ್ತಕ ‘ಸೂಯರ್’ ಎಂದು ಬರೆದಿಡುತ್ತದೆ.

ಲಿಪಿ ಬಲ್ಲವರು ಕಡಿಮೆಯಾದಾಗ ಏನಾಗುತ್ತದೆಂಬುದಕ್ಕೆ ತಮಿಳುನಾಡಿನಲ್ಲಿಯೇ ಉದಾಹರಣೆಯಿದೆ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಮರಾಠ ಅರಸರ ಕಾಲದ ಮೋಡಿ ಲಿಪಿಯ ಕಾಗದಪತ್ರಗಳು ಕಟ್ಟುಕಟ್ಟಾಗಿವೆ. ಮರಾಠಿಯನ್ನು ಚೆನ್ನಾಗಿ ಬಲ್ಲವನೂ ಮೋಡಿ ಕಲಿಯದಿದ್ದರೆ ಅವುಗಳ ಮುಂದೆ ನಿರಕ್ಷರಿ. ಹೊಸೂರು, ತಳಿ, ದೆಂಕಣಿಕೋಟೆಗಳ ಕನ್ನಡ ಮನೆಗಳಲ್ಲಿ ಇಪ್ಪತ್ತೈದು ವರ್ಷಗಳ ಹಿಂದಿನ ಫ್ಲಾಪಿ ಅಥವಾ ಸಿ.ಡಿ. ಉಳಿದಿದ್ದು, ಅದರಲ್ಲಿ ಅಜ್ಜನ ಹಾಡಿನ ಸಂಗ್ರಹವೋ ಊರಿನ ಸ್ಮರಣಸಂಚಿಕೆಯೋ ಇದ್ದರೆ, ಅಕ್ಷರಶೈಲಿ ಇಲ್ಲದೆ ತೆರೆದಾಗ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಕಡತ ಕೆಟ್ಟಿತೆಂದು ಎಸೆಯುವವರೇ ಬಹಳ. ಅದು ಕೆಟ್ಟಿಲ್ಲ, ಮೋಡಿಯಾಗಿದೆ, ಅಷ್ಟೆ.

ಇಂಥ ಕಡತ ಸಿಕ್ಕ ವಿದ್ಯಾರ್ಥಿಯು ಮೊದಲು ಇಡೀ ತಟ್ಟೆಯ ಪ್ರತಿಯನ್ನು ತೆಗೆದಿಡಬೇಕು. ಮೂಲ ಕಡತದ ಮೇಲೆ ಏನನ್ನೂ ತಿದ್ದಬಾರದು. ಅದನ್ನು ಬರೆದ ತಂತ್ರಾಂಶದ ಹೆಸರು, ಆವೃತ್ತಿ ಮತ್ತು ಅಕ್ಷರಶೈಲಿಯ ಕಡತ ಇವು ಜೊತೆಯಲ್ಲಿಯೇ ಇರಬೇಕು. ಪರಿವರ್ತನೆ ಆಮೇಲೆ. ಪರಿವರ್ತಿತ ಪಠ್ಯದಲ್ಲಿ ಮೊದಲು ನೋಡಬೇಕಾದುದು ಅರ್ಕಾವತ್ತುಗಳನ್ನು, ಬಳಿಕ ಒತ್ತಕ್ಷರಗಳನ್ನು, ಕೊನೆಗೆ ದೀರ್ಘಗಳನ್ನು. ಮುದ್ರಿತ ಪ್ರತಿಯೊಂದು ಮನೆಯಲ್ಲಿ ದೊರೆತರೆ ಅದರೊಡನೆ ಸಾಲುಸಾಲಾಗಿ ಹೋಲಿಸಿ, ವ್ಯತ್ಯಾಸಗಳನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು.